ಹೆಸರು ಎರಡು, ಸಂಖ್ಯೆ ಒಂದು

‘ಪ್ರೀಮಿಯಮ್ಸ್’ ಅಂದರೆ ವಿಮೆಯ ಕಂತುಗಳು. ‘ಸ್ಕ್ವಿಗ್ಲಿಯರ್’ ಅಂದರೆ ಇದ್ದದ್ದಕ್ಕಿಂತ ಇನ್ನಷ್ಟು ಅಂಕುಡೊಂಕಾದದ್ದು. ಈ ಎರಡು ಇಂಗ್ಲಿಷ್ ಪದಗಳು ಒಂದರ ಮುಖ ಇನ್ನೊಂದು ನೋಡಿದವಲ್ಲ. ಅರ್ಥದಲ್ಲಿ ನಂಟಿಲ್ಲ, ಉಚ್ಚಾರದಲ್ಲಿ ಹೋಲಿಕೆಯಿಲ್ಲ, ಒಂದಕ್ಕೆ ಎಂಟು ಅಕ್ಷರ, ಇನ್ನೊಂದಕ್ಕೆ ಹತ್ತು. ಆದರೂ ಓಕ್ಯಾಮಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಯಾರಾದರೂ ಇವೆರಡನ್ನೂ ಒಂದೇ ಟೈಪಿನೊಳಗೆ ಟ್ಯಾಗ್‌ಗಳಾಗಿ ಬರೆದರೆ, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಅಲ್ಲೇ ಮುಷ್ಕರ ಹೂಡುತ್ತದೆ. ಪರದೆಯ ಮೇಲೆ ಮೂಡುವ ದೂರು ಬಹಳ ಚುಟುಕು: ಈ ಎರಡು ಟ್ಯಾಗ್‌ಗಳ ಹ್ಯಾಶ್ ಬೆಲೆ ಒಂದೇ ಆಗಿದೆ, ಒಂದನ್ನು ಬದಲಾಯಿಸಿ. ಯಾವುದನ್ನು, ಯಾಕೆ ಎಂಬ ವಿವರಣೆ ಇಲ್ಲ. ಮೊದಲ ಸಲ ಕಂಡವರು ಕಂಪ್ಯೂಟರಿಗೆ ತಲೆ ಕೆಟ್ಟಿದೆ ಎಂದುಕೊಂಡರೆ ತಪ್ಪಲ್ಲ.

ತಲೆ ಕೆಟ್ಟಿಲ್ಲ. ಲೆಕ್ಕ ಸರಿಯಾಗಿಯೇ ಇದೆ.

ಓಕ್ಯಾಮಲ್ ಫ್ರಾನ್ಸಿನ ಇನ್ರಿಯಾ ಸಂಶೋಧನಾ ಸಂಸ್ಥೆಯ ಕೂಸು. 1980ರ ದಶಕದಲ್ಲಿ ಕ್ಯಾಮಲ್ ಎಂದು ಹುಟ್ಟಿ, 1996ರಲ್ಲಿ ಆಬ್ಜೆಕ್ಟಿವ್ ಕ್ಯಾಮಲ್ ಆಗಿ ಬೆಳೆದು, ಈಗ ಮೊಟಕಾಗಿ ಓಕ್ಯಾಮಲ್ ಎನ್ನಿಸಿಕೊಂಡಿದೆ. ಹೆಸರಿಗೆ ತಕ್ಕಂತೆ ಲಾಂಛನವೂ ಒಂಟೆಯೇ. ಫಂಕ್ಷನಲ್ ಭಾಷೆಗಳ ಕುಟುಂಬಕ್ಕೆ ಸೇರಿದ ಇದು, ಸಾಮಾನ್ಯ ಜನರಿಗೆ ಪರಿಚಯವಿಲ್ಲದಿದ್ದರೂ, ದೊಡ್ಡ ಮನೆಗಳಲ್ಲಿ ಓಡಾಡಿದ ಭಾಷೆ. ರಸ್ಟ್ ಭಾಷೆಯ ಮೊದಲ ಕಂಪೈಲರ್ ಬರೆದದ್ದು ಇದರಲ್ಲಿ. ಗಣಿತದ ಸಾಧನೆಗಳನ್ನು ಹೆಜ್ಜೆಹೆಜ್ಜೆಗೂ ಪರೀಕ್ಷಿಸುವ, 2025ರವರೆಗೆ ಕಾಕ್ ಎನ್ನಿಸಿಕೊಂಡಿದ್ದ ತಂತ್ರಾಂಶ ಬರೆದದ್ದೂ ಇದರಲ್ಲೇ. ನ್ಯೂಯಾರ್ಕಿನ ಜೇನ್ ಸ್ಟ್ರೀಟ್ ಎಂಬ ಷೇರು ವಹಿವಾಟಿನ ಸಂಸ್ಥೆ ದಿನನಿತ್ಯದ ಕೆಲಸಕ್ಕೇ ಇದನ್ನು ನೆಚ್ಚಿಕೊಂಡಿದೆ. ಈ ಭಾಷೆಯ ದೊಡ್ಡ ಹೆಮ್ಮೆ ಅದರ ಟೈಪ್ ವ್ಯವಸ್ಥೆ. ಪ್ರೋಗ್ರಾಂ ಓಡುವ ಮೊದಲೇ ಕಂಪೈಲರ್ ಪ್ರತಿ ಸಾಲನ್ನೂ ತಡವಿ ನೋಡಿ, ಇಲ್ಲಿ ಸಂಖ್ಯೆ ಬರಬೇಕು, ಇಲ್ಲಿ ಹೆಸರು ಬರಬೇಕು ಎಂದು ಖಾತ್ರಿ ಮಾಡಿಕೊಳ್ಳುತ್ತದೆ.

ಅದರಲ್ಲಿ ವೇರಿಯಂಟ್ ಎಂಬ ಬಗೆಯ ಟೈಪ್ ಇದೆ. ರಸ್ತೆಯ ಸಿಗ್ನಲ್ ದೀಪವನ್ನೇ ತೆಗೆದುಕೊಂಡರೆ, ಅದು ಕೆಂಪು ಇರಬಹುದು, ಹಳದಿ ಇರಬಹುದು, ಹಸಿರು ಇರಬಹುದು, ನಾಲ್ಕನೆಯದಿಲ್ಲ. ಹೀಗೆ ಮೊದಲೇ ಘೋಷಿಸಿಬಿಟ್ಟರೆ ಕಂಪೈಲರ್ ಕೆಂಪಿಗೆ 0, ಹಳದಿಗೆ 1, ಹಸಿರಿಗೆ 2 ಎಂದು ಶಾಲೆಯ ಹಾಜರಿ ಪುಸ್ತಕದ ಹಾಗೆ ನಂಬರ್ ಕೊಡುತ್ತದೆ. ಓಡುವ ಪ್ರೋಗ್ರಾಮಿನಲ್ಲಿ ‘ಕೆಂಪು’ ಎಂಬ ಪದವೇ ಇರುವುದಿಲ್ಲ, 0 ಮಾತ್ರ ಇರುತ್ತದೆ. ಎರಡು ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸುವುದಕ್ಕಿಂತ ಎರಡು ಸಂಖ್ಯೆಗಳನ್ನು ಹೋಲಿಸುವುದು ಎಷ್ಟೋ ಪಾಲು ವೇಗ.

ಇದರ ತೊಡಕು ಆ ಹಾಜರಿ ಪುಸ್ತಕದಲ್ಲೇ ಇದೆ. ಹೆಸರು ಬಳಸಬೇಕಾದರೆ ಅದು ಎಲ್ಲೋ ಒಂದು ಕಡೆ ನೋಂದಣಿಯಾಗಿರಲೇಬೇಕು; ಒಂದು ಟೈಪಿಗೆ ಸೇರಿದ ಹೆಸರು ಇನ್ನೊಂದರದ್ದಾಗಲಾರದು. ಆ ಕಾಲಕ್ಕೆ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿದ್ದ ಫ್ರೆಂಚ್ ವಿದ್ವಾಂಸ ಜಾಕ್ ಗಾರಿಗ್ ಈ ಬೇಲಿಯನ್ನು ತೆಗೆಯಲು ಹೊರಟರು. 1998ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆದ ಕಾರ್ಯಾಗಾರದಲ್ಲಿ ಅವರು ಮಂಡಿಸಿದ ಪಾಲಿಮಾರ್ಫಿಕ್ ವೇರಿಯಂಟ್‌ಗಳು 2000ದಲ್ಲಿ ಓಕ್ಯಾಮಲ್‌ನ 3.00 ಆವೃತ್ತಿಯೊಳಗೆ ಬಂದು ಕೂತವು. ಇಲ್ಲಿ ನೋಂದಣಿ ಬೇಡ, ಅರ್ಜಿ ಬೇಡ. ಹೆಸರಿನ ಆರಂಭಕ್ಕೆ ಬ್ಯಾಕ್‌ಟಿಕ್ ಎಂಬ ಒಂದು ಓರೆ ಚುಕ್ಕೆ ಇಟ್ಟರೆ ಅದು ಟ್ಯಾಗ್. ಯಾವ ಕಡತದಲ್ಲಾದರೂ, ಯಾರು ಬೇಕಾದರೂ ಬರೆಯಬಹುದು. ಒಬ್ಬ ಬರೆದ ‘ಆಫ್’ ಮತ್ತು ಅವನ ಗುರುತೇ ಇಲ್ಲದ ಇನ್ನೊಬ್ಬ ಬರೆದ ‘ಆಫ್’ ಎರಡೂ ಒಂದೇ ಟ್ಯಾಗ್.

ಹಾಗಾದರೆ ನಂಬರ್ ಕೊಡುವವರು ಯಾರು? ಓಕ್ಯಾಮಲ್ ಪ್ರತಿ ಕಡತವನ್ನೂ ಬೇರೆಬೇರೆಯಾಗಿ ಕಂಪೈಲ್ ಮಾಡುತ್ತದೆ. ಈ ಕಡತ ಕಂಪೈಲ್ ಆಗುವಾಗ ಆ ಕಡತ ಇನ್ನೂ ಹುಟ್ಟಿಯೇ ಇರದಿರಬಹುದು. ಇಬ್ಬರೂ ಮಾತಾಡಿಕೊಳ್ಳದೆ ಒಂದೇ ಹೆಸರಿಗೆ ಒಂದೇ ಸಂಖ್ಯೆ ಕೊಡಬೇಕು. ಉಪಾಯ ಒಂದೇ: ಸಂಖ್ಯೆಯನ್ನು ಹೆಸರಿನಿಂದಲೇ ಹಿಂಡಿ ತೆಗೆಯುವುದು. ಹಾಗೆ ಹಿಂಡಿ ತೆಗೆದ ಸಂಖ್ಯೆಯೇ ಹ್ಯಾಶ್.

ಬಾನುಲಿಯಲ್ಲಿ ಕರ್ನಾಟಕ ಸಂಗೀತ ಕೇಳುವವರಿಗೆ ಈ ಉಪಾಯ ಹೊಸತಲ್ಲ. ಎಪ್ಪತ್ತೆರಡು ಮೇಳಕರ್ತ ರಾಗಗಳ ಹೆಸರುಗಳಲ್ಲಿ ಅಡಗಿರುವ ಕಟಪಯಾದಿ ಮಾಡುವುದು ಇದನ್ನೇ. ‘ಖರಹರಪ್ರಿಯ’ದ ಮೊದಲ ಎರಡು ಅಕ್ಷರ ಖ ಮತ್ತು ರ; ಖಕ್ಕೆ 2, ರಕ್ಕೆ 2, ತಿರುಗಿಸಿ ಓದಿದರೆ 22ನೇ ಮೇಳ. ‘ಮಾಯಾಮಾಳವಗೌಳ’ದಲ್ಲಿ ಮ 5, ಯ 1, ತಿರುಗಿಸಿದರೆ 15. ಮೈಸೂರಿನ ಗಾಯಕರೂ ತಂಜಾವೂರಿನ ಗಾಯಕರೂ ಪತ್ರ ಬರೆದುಕೊಳ್ಳದೆ ಒಂದೇ ಸಂಖ್ಯೆಗೆ ಬರುತ್ತಾರೆ. ಆದರೆ ಮೇಳದ ಕ್ರಮ ನಿಗದಿಯಾಗುವ ಮುಂಚೆಯೇ ಜನಜನಿತವಾಗಿದ್ದ ರಾಗಗಳ ಗತಿ? ‘ಶಂಕರಾಭರಣ’ವನ್ನು ಹಾಗೆಯೇ ಲೆಕ್ಕಕ್ಕೆ ಹಾಕಿದರೆ ಶ 5, ಕ 1, ಅಂದರೆ 15. ಅದು ಮಾಯಾಮಾಳವಗೌಳದ ಜಾಗ. ‘ಕಲ್ಯಾಣಿ’ 11ಕ್ಕೆ ಬಂದು ಕೋಕಿಲಪ್ರಿಯದ ಮಡಿಲಲ್ಲಿ ಬೀಳುತ್ತದೆ. ‘ತೋಡಿ’ 36ಕ್ಕೆ ಹೋಗಿ ಚಲನಾಟಕ್ಕೆ ಡಿಕ್ಕಿ ಹೊಡೆಯುತ್ತದೆ. ಹಾಗಾಗಿಯೇ ಅವು ಧೀರಶಂಕರಾಭರಣ, ಮೇಚಕಲ್ಯಾಣಿ, ಹನುಮತೋಡಿ ಎಂದು ಮುಂದೆ ಒಂದೊಂದು ಪದ ಅಂಟಿಸಿಕೊಂಡು 29, 65, 8ಕ್ಕೆ ಸರಿದವು. ಒಂದನ್ನು ಬದಲಾಯಿಸಿ ಎಂಬ ಓಕ್ಯಾಮಲ್‌ನ ಆಜ್ಞೆಯನ್ನು ಸಂಗೀತದವರು ಯಾವಾಗಲೋ ಪಾಲಿಸಿಯಾಗಿದೆ.

ಓಕ್ಯಾಮಲ್‌ನ ಸೂತ್ರವೂ ಕಟಪಯಾದಿಯಷ್ಟೇ ಸರಳ. ಇಂಗ್ಲಿಷಿನ ಪ್ರತಿ ಅಕ್ಷರಕ್ಕೂ ಕಂಪ್ಯೂಟರಿನೊಳಗೆ ಒಂದು ಸಂಕೇತಸಂಖ್ಯೆ ಇದೆ. ಸೊನ್ನೆಯಿಂದ ಶುರು ಮಾಡಿ, ಕೈಯಲ್ಲಿರುವುದನ್ನು 223ರಿಂದ ಗುಣಿಸಿ ಮುಂದಿನ ಅಕ್ಷರದ ಸಂಖ್ಯೆ ಕೂಡಿಸುತ್ತ ಹೋಗುವುದು, ಅಷ್ಟೆ. ‘ಆನ್’ ಎಂಬ ಟ್ಯಾಗಿನಲ್ಲಿ ಕ್ಯಾಪಿಟಲ್ ‘ಓ’ 79, ಸಣ್ಣ ‘ಎನ್’ 110. 79ನ್ನು 223ರಿಂದ ಗುಣಿಸಿದರೆ 17,617. 110 ಕೂಡಿಸಿದರೆ 17,727. ಇದೇ ‘ಆನ್’ನ ಜಾತಕ. ಇದೇ ಲೆಕ್ಕದಲ್ಲಿ ‘ಆಫ್’ 39,51,439 ಆಗುತ್ತದೆ. ಪ್ಯಾರಿಸ್ಸಿನಲ್ಲಿ ಲೆಕ್ಕ ಹಾಕಿದರೂ ಅಷ್ಟೇ, ಬೆಂಗಳೂರಿನಲ್ಲಿ ಹಾಕಿದರೂ ಅಷ್ಟೇ.

ಉದ್ದನೆಯ ಹೆಸರುಗಳಿಗೆ ಈ ಗುಣಾಕಾರ ಲಂಗುಲಗಾಮಿಲ್ಲದೆ ಬೆಳೆಯುತ್ತದೆ. ಅದಕ್ಕೊಂದು ಮಿತಿ ಹಾಕಿದ್ದಾರೆ: ಸಂಖ್ಯೆ 31 ಬಿಟ್‌ಗಳೊಳಗೆ ಹಿಡಿಯಬೇಕು, ಅಂದರೆ 214,74,83,648 ಬೇರೆಬೇರೆ ಬೆಲೆಗಳು ಮಾತ್ರ. ಓಕ್ಯಾಮಲ್ ಪ್ರತಿ ಪೂರ್ಣಾಂಕದಲ್ಲೂ ಒಂದು ಬಿಟ್ಟನ್ನು ತನ್ನ ಒಳಗಿನ ಗುರುತಿಗೆಂದು ಇಟ್ಟುಕೊಳ್ಳುವುದರಿಂದ, 32 ಬಿಟ್‌ಗಳ ಹಳೆಯ ಯಂತ್ರದಲ್ಲಿ ಉಳಿಯುತ್ತಿದ್ದುದು ಅಷ್ಟೇ. ಮಿತಿ ಮೀರಿದರೆ ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರು 99,999 ಆದಮೇಲೆ ಮತ್ತೆ ಸೊನ್ನೆಯಿಂದ ಓಡುವ ಹಾಗೆ, ಇದೂ ಒಂದು ಸುತ್ತು ಮುಗಿಸಿ ಮೊದಲಿನಿಂದ ಶುರು.

‘ಪ್ರೀಮಿಯಮ್ಸ್’ನ ಪಯಣ ನೋಡಿ. ಮೊದಲ ಅಕ್ಷರ ಸಣ್ಣ ‘ಪಿ’ಗೆ 112. ಎರಡನೆಯದಕ್ಕೆ 25,090. ಮೂರನೆಯದಕ್ಕೆ 55,95,171. ನಾಲ್ಕನೆಯದಕ್ಕೆ 124,77,23,242. ಇಲ್ಲಿವರೆಗೆ ಮೀಟರಿನೊಳಗೇ ಇದೆ. ಐದನೇ ಅಕ್ಷರಕ್ಕೆ ಅದು 27,824 ಕೋಟಿ ದಾಟಿ, ಮೀಟರು 129 ಸಲ ಸುತ್ತಿ, 121,68,92,479ಕ್ಕೆ ಬಂದು ನಿಲ್ಲುತ್ತದೆ. ಕೊನೆಯ ಅಕ್ಷರ ಮುಗಿಯುವಾಗ ಕೈಯಲ್ಲಿರುವುದು 196,46,40,828. ‘ಸ್ಕ್ವಿಗ್ಲಿಯರ್’ನದು ಬೇರೆಯೇ ದಾರಿ. ಏಳನೇ ಅಕ್ಷರದ ಹೊತ್ತಿಗೆ ಅದು ಸುತ್ತಿ ಸುತ್ತಿ ಬರೀ 10,42,202ಕ್ಕೆ ಕುಸಿದಿರುತ್ತದೆ. ಇನ್ನು ಮೂರು ಅಕ್ಷರ. ಅಷ್ಟರಲ್ಲಿ ಮತ್ತೆ ಏರಿ, ಮತ್ತೆ ಸುತ್ತಿ, ಕೊನೆಗೆ ನಿಲ್ಲುವುದು 196,46,40,828ರಲ್ಲಿ. ಒಂದು ಅಂಕಿಯೂ ಆಚೀಚೆ ಇಲ್ಲ. ಅರ್ಧಕ್ಕಿಂತ ಮೇಲಿನ ಬೆಲೆಗಳನ್ನು ಋಣ ಸಂಖ್ಯೆಗಳಾಗಿ ಓದುವುದು ಓಕ್ಯಾಮಲ್‌ನ ವಾಡಿಕೆಯಾದ್ದರಿಂದ ಯಂತ್ರದೊಳಗೆ ಎರಡರ ರೂಪವೂ −18,28,42,820.

ಓಕ್ಯಾಮಲ್ ಬಲ್ಲವರ ನಡುವೆ ಇದಕ್ಕಿಂತ ಹೆಚ್ಚು ಓಡಾಡುವ ಇನ್ನೊಂದು ಜೋಡಿ ಇದೆ. ಅದನ್ನು ಬಾಯಲ್ಲಿ ಹೇಳುವುದೇ ಕಷ್ಟ, ಅಕ್ಷರ ಬಿಡಿಸಿಯೇ ಹೇಳಬೇಕು: ‘ಎ-ಝಡ್-ಡಿ-ಡಬ್ಲ್ಯು-ಬಿ-ಐ-ಇ’ ಮತ್ತು ‘ಸಿ-ಏಳು-ಡಿ-ಐ-ಎ-ಜಿ-ಕ್ಯೂ’. ಯಾರೂ ತಮ್ಮ ಪ್ರೋಗ್ರಾಮಿನಲ್ಲಿ ಇಂಥ ಹೆಸರು ಇಡುವುದಿಲ್ಲ. ಕಂಪೈಲರಿನ ದೂರು ಹೇಗಿರುತ್ತದೆ ಎಂದು ತೋರಿಸುವುದಕ್ಕೆ ಇಟ್ಟ ಪ್ರದರ್ಶನದ ಬೊಂಬೆಗಳು ಇವು. ಮೀಟರ್ ಸುತ್ತಲು ಬಿಡದೆ ಎರಡರ ಲೆಕ್ಕವನ್ನೂ ಪೂರ್ತಿ ಹಾಕಿ ಕಳೆದರೆ, ವ್ಯತ್ಯಾಸ 214,74,83,648ರ ಸರಿಯಾಗಿ 97,327 ಪಟ್ಟು ಬರುತ್ತದೆ. ಕಾಗದ ಪೆನ್ಸಿಲ್ ಹಿಡಿದು ಕೂತರೆ ಒಂದು ಸಂಜೆಯ ಕೆಲಸ, ಬೇಸರವಾಗದು.

ಇಂಥ ಡಿಕ್ಕಿ ಎಷ್ಟು ಅಪರೂಪ? ಒಂದೇ ಟೈಪಿನಲ್ಲಿ ಹತ್ತು ಹೆಸರುಗಳಿದ್ದರೆ, ಅವುಗಳಲ್ಲಿ ಯಾವುದಾದರೂ ಎರಡು ಡಿಕ್ಕಿಯಾಗುವ ಸಂಭವ ಸುಮಾರು 4 ಕೋಟಿ 77 ಲಕ್ಷಕ್ಕೆ ಒಂದು. ನೂರಿದ್ದರೆ 4 ಲಕ್ಷ 34 ಸಾವಿರಕ್ಕೆ ಒಂದು. ಹೆಸರು ಹತ್ತು ಪಟ್ಟಾದರೆ ಅಪಾಯ ನೂರು ಪಟ್ಟಾಗುವ ಈ ಜಿಗಿತ ಗಮನಿಸಬೇಕಾದ್ದು. ಇಪ್ಪತ್ಮೂರು ಜನ ಸೇರಿದ ಕೋಣೆಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವ ಅರ್ಧಕ್ಕಿಂತ ಹೆಚ್ಚು ಎಂಬ ಪ್ರಸಿದ್ಧ ಲೆಕ್ಕದ ಹಿಂದೆ ಇರುವುದೂ ಇದೇ: ಎಣಿಸಬೇಕಾದ್ದು ಜನರನ್ನಲ್ಲ, ಜೋಡಿಗಳನ್ನು. 214 ಕೋಟಿ ಬೆಲೆಗಳಿದ್ದರೂ ಸುಮಾರು 54,600 ಹೆಸರುಗಳಿಗೇ ಸಂಭವ ಅರ್ಧಕ್ಕೆ ಬಂದುಬಿಡುತ್ತದೆ. ಒಂದು ಲಕ್ಷ ಪದಗಳ ಇಂಗ್ಲಿಷ್ ನಿಘಂಟನ್ನು ಇಡಿಯಾಗಿ ಸುರಿದರೆ ಒಂದೆರಡು ಜೋಡಿ ಸಿಕ್ಕಿಬೀಳುವುದು ಸಹಜ. ಹಾಗೆ ನೋಡಿದರೆ ಪ್ರೀಮಿಯಮ್ಸ್ ಮತ್ತು ಸ್ಕ್ವಿಗ್ಲಿಯರ್ ವಿಧಿಯ ಆಟವಲ್ಲ, ಬರೀ ಜನಸಂದಣಿ.

ಸಣ್ಣ ಹೆಸರುಗಳವರು ಮಾತ್ರ ನಿಶ್ಚಿಂತೆಯಿಂದ ಇರಬಹುದು. ನಾಲ್ಕು ‘ಝಡ್’ ಸಾಲಾಗಿ ಬರೆದರೂ ಲೆಕ್ಕ 135,90,21,440ಕ್ಕೆ ನಿಲ್ಲುತ್ತದೆ, ಮೀಟರು ಒಂದು ಸುತ್ತೂ ಹಾಕುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಸಂಖ್ಯೆಗಳೆಲ್ಲ 223ಕ್ಕಿಂತ ಕಡಿಮೆ ಇರುವುದರಿಂದ, ನಾಲ್ಕು ಅಕ್ಷರದೊಳಗಿನ ಯಾವ ಎರಡು ಹೆಸರೂ ಡಿಕ್ಕಿಯಾಗಲಾರವು. ಅಪಾಯ ಶುರುವಾಗುವುದು ಐದನೇ ಅಕ್ಷರದಿಂದ.

ಹ್ಯಾಶ್ ಡಿಕ್ಕಿ ಅನ್ನುವುದು ಕಂಪ್ಯೂಟರ್ ಜಗತ್ತಿನಲ್ಲಿ ದಿನಬೆಳಗಾದರೆ ಆಗುವಂಥದ್ದು. ಐಬಿಎಂನ ಹಾನ್ಸ್ ಪೀಟರ್ ಲೂನ್ 1953ರಲ್ಲಿ ಹ್ಯಾಶ್ ಕೋಷ್ಟಕದ ವಿಚಾರ ಟಿಪ್ಪಣಿಯಾಗಿ ಬರೆದಾಗಿನಿಂದ ಡಿಕ್ಕಿಯೂ ಜೊತೆಗೇ ಬಂದಿದೆ. ಜಾವಾ ಭಾಷೆಯಲ್ಲಿ ಗುಣಕ 223ರ ಬದಲು 31. ಅಲ್ಲಿ ಎರಡೇ ಅಕ್ಷರದ ಹೆಸರುಗಳೂ ಡಿಕ್ಕಿಯಾಗುತ್ತವೆ: ಕ್ಯಾಪಿಟಲ್ ‘ಎ’ ಸಣ್ಣ ‘ಎ’ ಸೇರಿಸಿದರೆ 2112, ಎರಡು ಕ್ಯಾಪಿಟಲ್ ‘ಬಿ’ ಸೇರಿಸಿದರೂ 2112. ಆದರೂ ಜಾವಾ ಬೆಚ್ಚುವುದಿಲ್ಲ. ಅಲ್ಲಿ ಹ್ಯಾಶ್ ಎನ್ನುವುದು ಚಪ್ಪಲಿ ಸ್ಟ್ಯಾಂಡಿನ ಗೂಡಿನ ನಂಬರು ಇದ್ದಂತೆ. ಒಂದೇ ಗೂಡಿನಲ್ಲಿ ಎರಡು ಜೊತೆ ಇದ್ದರೆ ಬಗ್ಗಿ ನೋಡಿ ತನ್ನದನ್ನು ಎತ್ತಿಕೊಂಡರಾಯಿತು. ಮೂಲ ಹೆಸರು ಅಲ್ಲೇ ಇರುತ್ತದೆ, ಹೋಲಿಸಿ ನೋಡಬಹುದು.

ಓಕ್ಯಾಮಲ್‌ನಲ್ಲಿ ಆ ಸೌಲಭ್ಯವಿಲ್ಲ. ಓಡುವ ಪ್ರೋಗ್ರಾಮಿನಲ್ಲಿ ಹೆಸರು ಅಳಿದುಹೋಗಿ ಸಂಖ್ಯೆ ಮಾತ್ರ ಉಳಿದಿರುತ್ತದೆ. ಚಪ್ಪಲಿ ಇಲ್ಲ, ಟೋಕನ್ ಮಾತ್ರ. −18,28,42,820 ಎಂಬ ಟೋಕನ್ ಬಂದರೆ ಅದು ವಿಮೆಯ ಕಂತೋ ಅಂಕುಡೊಂಕೋ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಒಂದು ಟ್ಯಾಗಿನ ಜೊತೆ ಪೂರ್ಣಾಂಕ, ಇನ್ನೊಂದರ ಜೊತೆ ಬರಹ ಕಟ್ಟಿಕೊಟ್ಟಿದ್ದರೆ ಇನ್ನೂ ಕೆಟ್ಟದ್ದು: ಬರಹವನ್ನು ಸಂಖ್ಯೆ ಎಂದು ಓದಿ ಪ್ರೋಗ್ರಾಂ ಎಲ್ಲೋ ಹೋಗಿ ಕುಸಿಯುತ್ತದೆ. ಆದ್ದರಿಂದ ಕಂಪೈಲರ್ ಬಾಗಿಲಲ್ಲೇ ತಡೆಯುತ್ತದೆ. ಎರಡು ಟೈಪುಗಳನ್ನು ಕೂಡಿಸುವಾಗ ಒಂದು ಕಡೆಯ ಹೆಸರುಗಳನ್ನು ಅವುಗಳ ಸಂಖ್ಯೆಯ ಪ್ರಕಾರ ಕೋಷ್ಟಕದಲ್ಲಿ ಜೋಡಿಸಿ, ಇನ್ನೊಂದು ಕಡೆಯವನ್ನು ಒಂದೊಂದಾಗಿ ಅದರಲ್ಲಿ ಹುಡುಕುತ್ತದೆ. ಸಂಖ್ಯೆ ಸಿಕ್ಕಿ ಹೆಸರು ಬೇರೆಯಾದರೆ ಅಲ್ಲಿಗೆ ಮುಗಿಯಿತು. ಎರಡು ಟ್ಯಾಗ್‌ಗಳು ಎಂದೂ ಒಂದೇ ಟೈಪಿನಲ್ಲಿ ಭೇಟಿಯಾಗದಿದ್ದರೆ ಒಂದೇ ಸಂಖ್ಯೆ ಹೊತ್ತು ಬೇರೆಬೇರೆ ಓಣಿಗಳಲ್ಲಿ ಸುಖವಾಗಿ ಬಾಳಬಹುದು. ಕಂಪೈಲರಿಗೆ ಅದರ ಗೊಡವೆ ಇಲ್ಲ.

ಈ ವ್ಯವಸ್ಥೆಯಲ್ಲಿ ಒಂದು ಅನ್ಯಾಯವೂ ಇದೆ. ಸಿದ್ಧ ಪ್ರೋಗ್ರಾಂ ತುಣುಕುಗಳ ಒಂದು ಗ್ರಂಥಾಲಯ ಅಲ್ಲಿ ಬರೆದದ್ದು, ಇನ್ನೊಂದು ಇಲ್ಲಿ ಬರೆದದ್ದು, ಎರಡೂ ತಮ್ಮಷ್ಟಕ್ಕೆ ಸರಿ. ಅವೆರಡನ್ನೂ ಕೂಡಿಸಹೊರಟ ಮೂರನೆಯವನ ಮೇಲೆ ದೂರು ಬೀಳುತ್ತದೆ. ಬದಲಾಯಿಸಿ ಎಂದರೆ ಅವನೇನು ಮಾಡಿಯಾನು? ಎರಡೂ ಅವನದಲ್ಲ. ಅಪರೂಪದ ಕಷ್ಟ ಎಂದು ಹೇಳಿ ಸಮಾಧಾನ ಮಾಡಬಹುದು, ಆದರೆ ಬಿದ್ದವನಿಗೆ ಅದು ನೂರಕ್ಕೆ ನೂರು.

ಬೇರೆ ದಾರಿ ಇಲ್ಲವೇ? ಇದೆ, ಅದಕ್ಕೂ ಬೆಲೆ ಇದೆ. ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ ಹುಟ್ಟಿದ ಅರ್ಲಾಂಗ್ ಭಾಷೆಯಲ್ಲೂ ಇಂಥವೇ ಬಿಡಿ ಹೆಸರುಗಳಿವೆ, ಆಟಂ ಎನ್ನುತ್ತಾರೆ. ಅಲ್ಲಿ ಪ್ರೋಗ್ರಾಂ ಓಡುವಾಗಲೇ ಒಂದು ದೊಡ್ಡ ನೋಂದಣಿ ಪುಸ್ತಕ ತೆರೆದಿರುತ್ತದೆ. ಹೊಸ ಹೆಸರು ಬಂದಾಗ ಬರೆದುಕೊಂಡು ಮುಂದಿನ ನಂಬರ್ ಕೊಡುತ್ತದೆ. ಡಿಕ್ಕಿಯ ಮಾತೇ ಇಲ್ಲ. ಆದರೆ ಒಮ್ಮೆ ಬರೆದ ಹೆಸರನ್ನು ಅಳಿಸುವ ಪದ್ಧತಿಯೂ ಅಲ್ಲಿಲ್ಲ. ಬೇರೆ ಏರ್ಪಾಟು ಮಾಡದಿದ್ದರೆ ಪುಸ್ತಕದಲ್ಲಿ ಇರುವ ಸಾಲುಗಳು 10,48,576. ಹೊರಗಿನಿಂದ ಬಂದ ಪದಗಳನ್ನೆಲ್ಲ ಎಚ್ಚರವಿಲ್ಲದೆ ಆಟಂ ಮಾಡುತ್ತ ಹೋದರೆ ಪುಸ್ತಕ ತುಂಬಿ ಇಡೀ ಯಂತ್ರವೇ ನಿಂತುಬಿಡುತ್ತದೆ. ಓಕ್ಯಾಮಲ್‌ನ ತೊಂದರೆ ಬರೆಯುವವನ ಮೇಜಿನ ಮೇಲೆ ಕಾಣಿಸಿಕೊಳ್ಳುತ್ತದೆ, ಅರ್ಲಾಂಗ್‌ನದು ಬಳಸುವವನ ಮನೆಯಲ್ಲಿ. ಮೊದಲನೆಯದೇ ಮೇಲು ಎನ್ನುವವರ ಪಕ್ಷಕ್ಕೆ ತೂಕ ಹೆಚ್ಚು.

ಈಗ 64 ಬಿಟ್‌ಗಳ ಯಂತ್ರಗಳೇ ಎಲ್ಲೆಡೆ ಇವೆ. 2022ರ ಕೊನೆಗೆ ಬಂದ ಓಕ್ಯಾಮಲ್ 5.0, ಯಂತ್ರದ ಭಾಷೆಗೇ ಇಳಿಸುವ ಕಂಪೈಲರಿನಲ್ಲಿ 32 ಬಿಟ್‌ಗಳಿಗೆ ವಿದಾಯ ಹೇಳಿತು. ಹಾಗಿದ್ದರೂ ಟ್ಯಾಗ್‌ಗಳ ಸಂಖ್ಯೆ ಇವತ್ತಿಗೂ 31 ಬಿಟ್‌ಗಳಲ್ಲೇ ಉಳಿದಿದೆ. ಸೂತ್ರ ಬದಲಾಯಿಸಿದರೆ ಹಳೆಯ ಸಂಖ್ಯೆಗಳನ್ನು ನೆಚ್ಚಿಕೊಂಡವೆಲ್ಲ ಕೆಡುತ್ತವೆ. ಕಿಟಕಿ, ಗುಂಡಿ, ಮೆನು ಬರೆಯುವ ಲ್ಯಾಬಲ್‌ಜಿಟಿಕೆ ಗ್ರಂಥಾಲಯದಲ್ಲಿ ಓಕ್ಯಾಮಲ್ ಟ್ಯಾಗ್‌ಗಳಿಗೂ ಸಿ ಭಾಷೆಯ ಸ್ಥಿರಾಂಕಗಳಿಗೂ ಗಂಟು ಹಾಕಿರುವುದು ಈ ಸಂಖ್ಯೆಗಳ ಮೂಲಕವೇ. ಆಬ್ಜೆಕ್ಟ್‌ಗಳ ಮೆಥಡ್ ಹೆಸರುಗಳಿಗೂ ಓಕ್ಯಾಮಲ್ ಇದೇ ಗುಣಾಕಾರ ಬಳಸುತ್ತದೆ. ಅಲ್ಲಿ ಡಿಕ್ಕಿಯಾದರೂ ಒಂದನ್ನು ಬದಲಾಯಿಸಿ ಎಂಬ ಅದೇ ಉತ್ತರ.

ಬದಲಾಯಿಸುವುದರಲ್ಲೂ ಒಂದು ಜಾಣತನ ಬೇಕು. ಡಿಕ್ಕಿಯಾದ ಎರಡೂ ಹೆಸರುಗಳ ಕೊನೆಗೆ ಒಂದೇ ಬಾಲ ಅಂಟಿಸಿದರೆ ಪ್ರಯೋಜನವಿಲ್ಲ. ಬಾಲ ಶುರುವಾಗುವ ಹೊತ್ತಿಗೆ ಎರಡರ ಕೈಯಲ್ಲೂ ಇರುವುದು ಒಂದೇ ಸಂಖ್ಯೆ, ಮುಂದಿನ ದಾರಿಯೂ ಒಂದೇ. ಆ ಏಳೇಳು ಅಕ್ಷರದ ಬೊಂಬೆಗಳಿಗಾದರೆ ತಲೆಗೆ ಒಂದೇ ಟೋಪಿ ಹಾಕಿದರೂ ಡಿಕ್ಕಿ ತಪ್ಪದು, ಎರಡರ ಮೊದಲ ಅಕ್ಷರವನ್ನೂ ಕ್ಯಾಪಿಟಲ್ ಮಾಡಿದರೂ ತಪ್ಪದು. ಉದ್ದ ಸಮವಾಗಿರುವುದರಿಂದ ಎರಡೂ ಅಷ್ಟಷ್ಟೇ ಸರಿಯುತ್ತವೆ. ಪ್ರೀಮಿಯಮ್ಸ್ ಮತ್ತು ಸ್ಕ್ವಿಗ್ಲಿಯರ್‌ಗೆ ಈ ಶಾಪವಿಲ್ಲ. ಟ್ಯಾಗ್‌ಗಳನ್ನು ಕ್ಯಾಪಿಟಲ್ ಅಕ್ಷರದಿಂದ ಶುರು ಮಾಡುವ ರೂಢಿ ಇಟ್ಟುಕೊಂಡವರಿಗೆ ಇವೆರಡರ ಜಗಳ ಕಾಣಿಸುವುದೇ ಇಲ್ಲ. ಸಣ್ಣ ಅಕ್ಷರದಲ್ಲಿ ಬರೆದು ಸಿಕ್ಕಿಕೊಂಡವರು ಸ್ಕ್ವಿಗ್ಲಿಯರ್‌ನ ಮೊದಲ ‘ಎಸ್’ ಒಂದನ್ನು ಕ್ಯಾಪಿಟಲ್ ಮಾಡಿದರೂ ಸಾಕು. ಅದರ ಸಂಖ್ಯೆ −18,28,42,820ರಿಂದ −33,90,14,052ಕ್ಕೆ ಸರಿಯುತ್ತದೆ, ಕಂಪೈಲರ್ ಮರುಮಾತಾಡದೆ ಮುಂದಿನ ಸಾಲಿಗೆ ಹೋಗುತ್ತದೆ.